ಅದೇ ಪ್ರಶ್ನೆ ಮತ್ತೆ ಕೇಳಬೇಡ ಅಂದರು ಅಯ್ಯನವರು

ಪಾಪ, ನರಕ ಅಂತ ಹೆದರುತ್ತಾ ಬೆಳೆದವನಲ್ಲ ನಾನು. ನಮ್ಮದು ಕೊಡಗಿನ ಆನಂದಪುರದ ಕಡೆಯ ಹಳೇ ಬಾಸೆಲ್ ಮಿಷನ್ ಮನೆತನ, ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಮಿಷನ್ ಅದು. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಶುರು ಮಾಡಿದರಲ್ಲ ಹರ್ಮನ್ ಮೊಗ್ಲಿಂಗ್, ಅವರೇ 1850ರ ದಶಕದಲ್ಲಿ ಕೊಡಗಿಗೆ ಬಂದು, ಹೊಸದಾಗಿ ಕ್ರೈಸ್ತರಾದವರಿಗೆ ಆ ಊರು ಮಾಡಿಕೊಟ್ಟು ಕಾಫಿ ಹಾಕಿಸಿದ್ದು. ನಮ್ಮ ಮನೆಯ ಭಕ್ತಿಯೂ ಅದೇ ಜಾತಿಯದು. ಹಗಲು ಕೆಲಸ, ರಾತ್ರಿ ಊಟಕ್ಕೆ ಮುಂಚೆ ಒಂದು ಸಂಗೀತ, ಒಂದು ಪ್ರಾರ್ಥನೆ, ಭಾನುವಾರ ದೇವಾಲಯ. ದೇವರು ಕೈಬಿಟ್ಟರೆ ಏನು ಗತಿ ಅಂತ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡದ್ದು ನಾನು ನೋಡಿಲ್ಲ.

ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ಬಿಟ್ಟರೆ ಬೇರೇನೂ ಬರೆದವನಲ್ಲ. ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಇದೆ. ಕ್ಷಮೆಯೇ ಇಲ್ಲದ ಪಾಪ ಮಾಡಿಬಿಟ್ಟೆ ಅನ್ನುವ ಭಯ ನನಗೆ ಗೀಳಾಗಿ ಹಿಡಿದಿದ್ದಾಗ ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿದ್ದದ್ದು ಬೋಧಕರ ಪ್ರಸಂಗಗಳು ಮಾತ್ರ. ಆಸ್ಪತ್ರೆಗೆ ಹೋಗಿ ಬಂದ ಒಬ್ಬನ ಮಾತು ಕೂಡ ಸಿಕ್ಕಿರಲಿಲ್ಲ.

ಜುಲೈ ತಿಂಗಳ ಮಳೆ. ಚಿಗುರು ತೆಗೆಸುವುದು ಬಿಟ್ಟರೆ ತೋಟದಲ್ಲಿ ಜಾಸ್ತಿ ಕೆಲಸ ಇರಲಿಲ್ಲ. ನಮ್ಮ ಸಭೆಯದಲ್ಲದ ಒಂದು ಉಜ್ಜೀವನ ಕೂಟಕ್ಕೆ ಚಿಕ್ಕಮ್ಮ ಕರೆದರು, ಹೋದೆ. ಹೊರಗಿನಿಂದ ಬಂದ ಬೋಧಕರು ಮತ್ತಾಯ 12ನೇ ಅಧ್ಯಾಯ ತೆಗೆದರು. ಎಲ್ಲ ಪಾಪಕ್ಕೂ ಎಲ್ಲ ದೂಷಣೆಗೂ ಕ್ಷಮೆ ಉಂಟು, ಪವಿತ್ರಾತ್ಮನನ್ನು ದೂಷಿಸಿದರೆ ಮಾತ್ರ ಈ ಲೋಕದಲ್ಲೂ ಇಲ್ಲ, ಮುಂದಿನ ಲೋಕದಲ್ಲೂ ಇಲ್ಲ. ಇದು ನಾನು ಚಿಕ್ಕಂದಿನಿಂದ ಕೇಳಿದ ಮಾತೇ. ಆದರೆ ಅವರು ಮುಂದಕ್ಕೆ ಇನ್ನೊಂದು ಸೇರಿಸಿದರು. ಈ ಪಾಪ ಮಾಡಿ, ಮಾಡಿದ್ದೇ ಗೊತ್ತಿಲ್ಲದೆ ಓಡಾಡುವವರು ಇಲ್ಲೇ ಕೂತಿರಬಹುದು ಅಂದರು. ಆಮೇಲೆ ಜನ ಎದ್ದು ನಿಂತು ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮನೇ ನುಡಿಸುತ್ತಾನೆ ಅಂತ ಅವರು ನಂಬುವ, ಕೇಳಿದವರಿಗೆ ಅರ್ಥವಾಗದ ಮಾತಿನಲ್ಲಿ, ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಆಗ ನನ್ನ ತಲೆಯಲ್ಲಿ ಒಂದು ಮಾತು ಹಾದುಹೋಯಿತು: ‘ಇದು ದೇವರದ್ದಲ್ಲ, ದೆವ್ವದ್ದು.’

ಬೈಬಲ್ ಓದಿದವರಿಗೆ ಗೊತ್ತಾಗುತ್ತದೆ ನಾನು ಯಾಕೆ ಬೆವರಿದೆ ಅಂತ. ಯೇಸು ದೆವ್ವ ಬಿಡಿಸಿದ್ದನ್ನು ನೋಡಿ ಫರಿಸಾಯರು ಅನ್ನುವ ಯೆಹೂದಿ ಪಂಗಡದವರು ಹೇಳಿದ್ದು ಅದೇ ಅಲ್ವಾ? ಇವನು ದೆವ್ವಗಳ ಒಡೆಯನ ಬಲದಿಂದ ಬಿಡಿಸುತ್ತಾನೆ ಅಂತ. ಆ ಪಾಪದ ಮಾತು ಬಂದದ್ದೇ ಅದಕ್ಕೆ ಉತ್ತರವಾಗಿ. ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ಆದರೂ ಮಾತು ಬಂದಿತ್ತಲ್ಲ.

ಆ ರಾತ್ರಿ ಕ್ಷಮೆ ಕೇಳಿದೆ. ಸರಿಯಾಗಿ ಕೇಳಲಿಲ್ಲ ಅನ್ನಿಸಿತು, ಮತ್ತೆ ಕೇಳಿದೆ. ಬೆಳಿಗ್ಗೆ ಎದ್ದರೆ ಆ ಮಾತು ಬಾಗಿಲಲ್ಲೇ ನಿಂತಿತ್ತು. ಅದನ್ನು ಓಡಿಸಲು ‘ಕರ್ತನೇ, ನಾನು ಹಾಗೆ ಅನ್ನಲಿಲ್ಲ, ಕ್ಷಮಿಸು’ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುವುದು ಶುರುವಾಯಿತು. ಮಧ್ಯೆ ಯಾರಾದರೂ ಮಾತಾಡಿಸಿದರೆ ಮೊದಲಿಂದ ಹೇಳಬೇಕು. ‘ಕರ್ತನೇ’ ಅನ್ನುವಾಗ ಗಮನ ಬೇರೆ ಕಡೆ ಹೋದರೂ ಮೊದಲಿಂದ. ಹಾಜರಿ ಕೂಗುವಾಗ ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಇದನ್ನು ತುರುಕುತ್ತಿದ್ದೆ. ಒಂದು ದಿನ ತೂಕದ ಹೊತ್ತಿಗೆ ಚೀಲ ಇಟ್ಟು ಕಾಯುತ್ತಿದ್ದ ಹೆಂಗಸೊಬ್ಬಳು, ‘ಏನ್ ರೈಟರೇ, ಬಾಯಲ್ಲೇ ಲೆಕ್ಕ ಹಾಕ್ತೀರಾ? ಪುಸ್ತಕದಲ್ಲಿ ಬರೀರಿ, ನಂದು ಹೋಗ್ಬಿಡುತ್ತೆ’ ಅಂದಳು. ಸುತ್ತ ಇದ್ದವರೆಲ್ಲ ನಕ್ಕರು.

ಆಗ ಹೊರಗೆ ಕಾಣುತ್ತಿದ್ದದ್ದು ಅಷ್ಟೇ. ಒಳಗೆ ಬೇರೆಯೇ ನಡೆದಿತ್ತು. ರಾತ್ರಿ ಹೊದಿಕೆ ಒಳಗೆ ಮೊಬೈಲು ಹಿಡಿದು ಓದುತ್ತಿದ್ದೆ. ಇಬ್ರಿಯರಿಗೆ ಬರೆದ ಪತ್ರ 6ನೇ ಅಧ್ಯಾಯ: ಒಮ್ಮೆ ಬೆಳಕು ಕಂಡು, ಪವಿತ್ರಾತ್ಮನಲ್ಲಿ ಪಾಲು ಪಡೆದು, ಆಮೇಲೆ ಬಿದ್ದವರನ್ನು ಮತ್ತೆ ಮಾನಸಾಂತರಕ್ಕೆ (ಪಶ್ಚಾತ್ತಾಪಕ್ಕೆ) ತರುವುದು ಅಸಾಧ್ಯ. 10ನೇ ಅಧ್ಯಾಯ: ಸತ್ಯ ತಿಳಿದ ಮೇಲೂ ಬೇಕಂತ ಪಾಪ ಮಾಡಿದರೆ ಇನ್ನು ಯಜ್ಞವೇ ಉಳಿದಿಲ್ಲ. 12ನೇ ಅಧ್ಯಾಯ: ಒಂದು ಊಟಕ್ಕೆ ಚೊಚ್ಚಲತನದ ಹಕ್ಕು ಮಾರಿಕೊಂಡ ಏಸಾವ ಆಮೇಲೆ ಕಣ್ಣೀರಿಟ್ಟು ಹುಡುಕಿದರೂ ಪಶ್ಚಾತ್ತಾಪಕ್ಕೆ ದಾರಿ ಸಿಗಲಿಲ್ಲ. ಯೋಹಾನನ ಮೊದಲನೇ ಪತ್ರದ ಕೊನೆಯಲ್ಲಿ ಮರಣಕರವಾದ ಪಾಪ. ಈ ನಾಲ್ಕು ಜಾಗ ನನಗೆ ಬಾಯಿಪಾಠ. ಇವುಗಳ ಅಕ್ಕಪಕ್ಕದ ಸಾಲುಗಳು ಮಾತ್ರ ಕಣ್ಣಿಗೇ ಬೀಳುತ್ತಿರಲಿಲ್ಲ.

ರಕ್ಷಣೆ ಕಳೆದುಹೋಗುತ್ತದಾ ಇಲ್ಲವಾ ಅನ್ನುವುದನ್ನೂ ಓದಿದೆ. 1618–19ರಲ್ಲಿ ನೆದರ್ಲೆಂಡ್ಸಿನ ಡಾರ್ಟ್‌ನಲ್ಲಿ ಕೂಡಿದ ಪ್ರೊಟೆಸ್ಟೆಂಟ್ ಸಭೆಯವರು, ದೇವರು ಆರಿಸಿಕೊಂಡವರನ್ನು ದೇವರೇ ಕೊನೆವರೆಗೂ ಕಾಪಾಡುತ್ತಾನೆ ಅಂದರು. ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ, ಬೀಳಬಹುದು, ಆದರೆ ಬಿದ್ದವನು ತಿರುಗಿ ಬರಲೂಬಹುದು ಅಂದರು. ನಮ್ಮದೋ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. 1947ರಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಸೇರಿ ಮಾಡಿಕೊಂಡ ಸಭೆ. ಎರಡೂ ಬಗೆಯವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಯಾರಿಗೂ ತಕರಾರಿಲ್ಲ. ನನಗೆ ಮಾತ್ರ ಎರಡರಲ್ಲೂ ಹೆದರಿಕೆಯೇ ಸಿಕ್ಕಿತು. ಡಾರ್ಟ್‌ನವರು ಸರಿ ಅಂದರೆ, ನಾನು ಮೊದಲಿಂದಲೂ ಆರಿಸಿಕೊಂಡವರಲ್ಲಿ ಇರಲೇ ಇಲ್ಲವೇನೋ. ವೆಸ್ಲಿ ಸರಿ ಅಂದರೆ, ಇದ್ದದ್ದೂ ಹೋಯಿತೇನೋ.

ದೇವಾಲಯದಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವುದಕ್ಕೆ ರಾತ್ರಿ ಭೋಜನ ಅನ್ನುತ್ತೇವೆ, ಅದನ್ನು ತೆಗೆದುಕೊಳ್ಳುವುದು ಬಿಟ್ಟೆ. ಅಯೋಗ್ಯನಾಗಿ ತಿಂದರೆ ತನಗೇ ನ್ಯಾಯತೀರ್ಪು ತಿಂದುಕೊಂಡ ಹಾಗೆ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದಾನಲ್ಲ. ಎಲ್ಲರೂ ಮುಂದೆ ಹೋಗಿ ಮೊಣಕಾಲೂರುವಾಗ ನಾನು ಹೊರಗೆ ಹೋಗಿ ಚಪ್ಪಲಿ ಹತ್ತಿರ ನಿಲ್ಲುತ್ತಿದ್ದೆ. ನಮ್ಮಂಥ ಸಣ್ಣ ಸಭೆಯಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅತ್ತೆ ಮನೆಯವರು ನಾನೇನೋ ಬೇರೆ ತಪ್ಪು ಮಾಡಿದ್ದೀನಿ ಅಂದುಕೊಂಡರು. ನನ್ನ ಹೆಂಡತಿಗೆ ಎಷ್ಟು ಪ್ರಶ್ನೆ ಬಂತೋ ಪಾಪ.

ಕೊನೆಗೆ ಅಯ್ಯನವರ ಹತ್ತಿರ ಹೋದೆ. ನಿವೃತ್ತಿಗೆ ಹತ್ತಿರ ಬಂದಿದ್ದ ಸಭಾಪಾಲಕರು. ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ. ಮಾರ್ಕ 3ನೇ ಅಧ್ಯಾಯ ತೆಗೆಸಿ 22ರಿಂದ 30ರವರೆಗೆ ನನ್ನ ಕೈಲೇ ಓದಿಸಿದರು. 30ನೇ ವಚನದಲ್ಲಿ ಮಾರ್ಕನೇ ಕಾರಣ ಕೊಟ್ಟಿದ್ದಾನೆ: ಇವನಿಗೆ ದೆವ್ವ ಹಿಡಿದಿದೆ ಅಂತ ಅವರು ಹೇಳುತ್ತಿದ್ದರು, ಅದಕ್ಕೆ ಯೇಸು ಹೀಗೆ ಹೇಳಿದ. ‘ಜೆರೂಸಲೇಮಿನಿಂದ ಇಳಿದು ಬಂದ ಶಾಸ್ತ್ರಿಗಳು ತಮ್ಮಾ ಅವರು. ಕಣ್ಣೆದುರೇ ಒಳ್ಳೇದು ನಡೀತಿದ್ರೂ ಕೆಟ್ಟದ್ದು ಅಂತ ಹಟ ಹಿಡಿದು ಕೂತವರು. ಅವರಲ್ಲಿ ಯಾರಾದ್ರೂ ನಿನ್ನ ಹಾಗೆ ನಿದ್ದೆ ಬಿಟ್ಟು ಅತ್ತರಾ?’ ಅಂದರು. ಇಬ್ರಿಯ 6ರಲ್ಲೂ 9ನೇ ವಚನ ತೋರಿಸಿದರು. ಅಷ್ಟು ಬಿರುಸಾಗಿ ಎಚ್ಚರಿಸಿದವನೇ, ಪ್ರಿಯರೇ, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಅನ್ನುತ್ತಾನೆ. ಪುರಾತನ ಸಭೆಯ ಗುರು ಆಗಸ್ಟೀನನ ಕಾಲದಿಂದಲೂ ಸಭೆಯಲ್ಲಿ ಅನೇಕರು ಆ ಪಾಪವನ್ನು ಸಾಯುವವರೆಗೂ ಪಶ್ಚಾತ್ತಾಪ ಬೇಡ ಅನ್ನುವ ಹಟ ಅಂತ ಅರ್ಥ ಮಾಡಿಕೊಂಡು ಬಂದಿದ್ದಾರೆ ಅಂತಲೂ ಹೇಳಿದರು. ಕೊನೆಗೆ ಎಲ್ಲ ಅಯ್ಯನವರೂ ಹೇಳುವ ಮಾತು: ‘ನಿನಗೆ ಹೆದರಿಕೆ ಇದೆಯಲ್ಲ, ಅದೇ ಸಾಕ್ಷಿ, ನೀನು ಆ ಪಾಪ ಮಾಡಿಲ್ಲ.’

ಮನೆಗೆ ಬರುವಾಗ ಹಗುರಾಗಿದ್ದೆ. ರಾತ್ರಿ ಚೆನ್ನಾಗಿ ಉಂಡೆ.

ಈ ಕೊನೆಯ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ಸುಳ್ಳಲ್ಲ. ಸಾಮಾನ್ಯ ಮನುಷ್ಯನಿಗೆ ಅಷ್ಟು ಸಾಕು. ನನಗೆ ಅದೇ ಹೊಸ ಕುಣಿಕೆಯಾಯಿತು. ಹೆದರಿಕೆ ಇದ್ದರೆ ನಾನು ಕ್ಷೇಮ ಅಂದಮೇಲೆ, ಹೆದರಿಕೆ ಇದೆಯಾ ಅಂತ ನೋಡಿಕೊಳ್ಳುವ ಕೆಲಸ ಶುರುವಾಯಿತು. ಗಂಟೆಗೊಮ್ಮೆ ಎದೆ ತಡಕುತ್ತಿದ್ದೆ. ಒಂದು ದಿನ ಮೆಣಸಿನ ಬಳ್ಳಿಗೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಮಧ್ಯಾಹ್ನದವರೆಗೂ ಅದರ ನೆನಪೇ ಬರಲಿಲ್ಲ. ನೆನಪಾದ ತಕ್ಷಣ ಕೈಕಾಲು ತಣ್ಣಗಾಯಿತು: ಹೆದರಿಕೆ ಹೋಯಿತು, ಅಂದರೆ ಆತ್ಮನೂ ಬಿಟ್ಟುಹೋದ! ನೆಮ್ಮದಿ ಬಂದರೂ ಭಯ, ಬರದಿದ್ದರೂ ಭಯ.

ಮತ್ತೆ ಅಯ್ಯನವರ ಮನೆ. ಆಮೇಲೆ ಫೋನು. ಆಮೇಲೆ ವಾಟ್ಸಾಪ್. ಅವರು ಕಳಿಸಿದ ವಚನ ಸಂಜೆವರೆಗೆ ಬರುತ್ತಿತ್ತು, ಆಮೇಲೆ ಮಧ್ಯಾಹ್ನದವರೆಗೆ, ಕೊನೆಕೊನೆಗೆ ಓದಿ ಮುಗಿಸುವಷ್ಟರಲ್ಲೇ ಖಾಲಿ. ‘ನನ್ನ ಬಳಿಗೆ ಬರುವವನನ್ನು ತಳ್ಳಿಬಿಡುವುದಿಲ್ಲ’ ಅಂತ ಯೋಹಾನ 6ರಲ್ಲಿ ಇರುವುದನ್ನು ಕಳಿಸಿದರೆ, ‘ನಾನು ನಿಜವಾಗಿ ಬಂದಿದ್ದೀನಾ ಅಯ್ಯನವರೇ?’ ಅಂತ ಕೇಳುತ್ತಿದ್ದೆ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ವೆಸ್ಟ್ರಿಯಲ್ಲಿ, ಅಂದರೆ ದೇವಾಲಯದ ಪಕ್ಕದ ಕೋಣೆಯಲ್ಲಿ, ಕೂರಿಸಿಕೊಂಡು ಹೇಳಿದರು: ‘ನೋಡು, ನಾನು ಇನ್ನು ಈ ಪ್ರಶ್ನೆಗೆ ಉತ್ತರ ಕೊಡೋದಿಲ್ಲ. ಕೊಟ್ಟಷ್ಟೂ ನಿನಗೆ ಜಾಸ್ತಿ ಆಗ್ತಿದೆ. ಇದು ಪಾಪದ ವಿಷಯ ಅಲ್ಲ, ನಿನಗೆ ಹುಷಾರಿಲ್ಲ. ಡಾಕ್ಟರನ್ನ ನೋಡು, ನಾನೂ ಬರ್ತೀನಿ.’ ಆ ಕ್ಷಣ ಕೈಬಿಟ್ಟರು ಅನ್ನಿಸಿತು, ಸಿಟ್ಟೂ ಬಂತು. ಈಗ ಕೇಳಿದರೆ, ಅಷ್ಟು ದಿನ ಅವರು ಕೊಟ್ಟ ಎಲ್ಲ ವಚನಗಳಿಗಿಂತ ನನಗೆ ಉಪಕಾರ ಮಾಡಿದ ಮಾತು ಅದು ಅನ್ನುತ್ತೇನೆ.

ಚಿಕ್ಕಮ್ಮನ ಕಡೆಯವರು ಒಪ್ಪಲಿಲ್ಲ. ಉಪವಾಸ ಪ್ರಾರ್ಥನೆ ಇಟ್ಟರು, ತಲೆಯ ಮೇಲೆ ಕೈಯಿಟ್ಟು ದುರಾತ್ಮವನ್ನು ಗದರಿಸಿದರು, ಮಾತ್ರೆ ತೆಗೆದುಕೊಳ್ಳುವುದು ಅಪನಂಬಿಕೆ ಅಂದರು. ಅವರ ಪ್ರೀತಿ ನಿಜವಾದದ್ದೇ. ಆದರೆ ಆ ರಾತ್ರಿ ನಾನು ಇದ್ದದ್ದಕ್ಕಿಂತ ಕೆಳಕ್ಕೆ ಹೋದೆ. ಇನ್ನು ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಾಯಿಂದ ಬಂತು. ನನ್ನ ಹೆಂಡತಿ ಏನೂ ಹೇಳದೆ 14416ಕ್ಕೆ ಫೋನ್ ಮಾಡಿದಳು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಅದು, 2022ರಿಂದ ಇದೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಶಾ ಕಾರ್ಯಕರ್ತೆ ಹೇಳಿದ್ದ ನಂಬರ್ ಅವಳಿಗೆ ನೆನಪಿತ್ತು. ನನ್ನ ಹತ್ತಿರ ತುಂಬಾ ಹೊತ್ತು ಮಾತಾಡಿದರು. ಬೇಗ ಮನೋವೈದ್ಯರನ್ನು ಕಾಣಿ ಅಂದರು.

ಮೈಸೂರಿಗೆ ಹೋದೆವು, ಅಯ್ಯನವರೂ ಬಂದರು. ಡಾಕ್ಟರ್ ಒಂದು ಹಾಳೆ ಇಟ್ಟುಕೊಂಡು ಪ್ರಶ್ನೆ ಕೇಳಿದರು. ಯೇಲ್-ಬ್ರೌನ್ ಅಳತೆ ಅಂತೆ, ಹತ್ತು ಪ್ರಶ್ನೆ, 40ಕ್ಕೆ ಅಂಕ. ದಿನಕ್ಕೆ ಎಷ್ಟು ಹೊತ್ತು ಈ ಯೋಚನೆ, ತಡೆಯಲು ಆಗುತ್ತದಾ, ಕೆಲಸಕ್ಕೆ ಎಷ್ಟು ಅಡ್ಡಿ. ಪಾಪ ಯಾವುದು ಅಂತ ಕೇಳಲೇ ಇಲ್ಲ! ನಾನೇ ಹೇಳಲು ಹೊರಟರೆ, ‘ಅದು ಇರಲಿ, ಆ ಯೋಚನೆ ಬಂದ ಮೇಲೆ ನೀವೇನು ಮಾಡ್ತೀರಿ ಹೇಳಿ’ ಅಂದರು. ಗೀಳು ಕಾಯಿಲೆ, ಒಸಿಡಿ ಅಂದರು. ಕೈ ತೊಳೆದಿದ್ದೇ ತೊಳೆಯುವವರ ಬಗ್ಗೆ ಕೇಳಿದ್ದೆ. ಅದೇ ಕಾಯಿಲೆ ಭಕ್ತಿಯ ವೇಷದಲ್ಲೂ ಬರುತ್ತದೆ ಅಂತ ಗೊತ್ತಿರಲಿಲ್ಲ. ಕೊಟ್ಟದ್ದು ಖಿನ್ನತೆಗೂ ಕೊಡುವ ಮಾತ್ರೆ. ಗೀಳಿಗೆ ಡೋಸ್ ಜಾಸ್ತಿ ಬೇಕಾಗುತ್ತದೆ, ಗುಣ ಗೊತ್ತಾಗಲು 8ರಿಂದ 12 ವಾರ ಹಿಡಿಯುತ್ತದೆ, ಮಧ್ಯೆ ಬಿಡಬೇಡಿ ಅಂದರು. ಮೊದಮೊದಲು ಹೊಟ್ಟೆ ತೊಳಸುತ್ತಿತ್ತು, ಆಮೇಲೆ ಸರಿಹೋಯಿತು.

ಮಾತ್ರೆಯ ಜೊತೆಗೆ ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ಚಿಕಿತ್ಸೆ. ಕೆಲವು ಸಲ ಮೈಸೂರಿನಲ್ಲಿ, ಮಿಕ್ಕಿದ್ದು ಫೋನಿನಲ್ಲಿ. ಲೈನ್ ಮನೆ ಹತ್ತಿರ ಸಿಗ್ನಲ್ ಸಿಗುವುದಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸಿನ ಹಿಂದಿನ ದಿಬ್ಬಕ್ಕೆ ಹೋಗಬೇಕು. ಆನೆ ಬಂದಿದೆ ಅಂತ ಸುದ್ದಿ ಇದ್ದ ದಿನ ಚಿಕಿತ್ಸೆಗೆ ರಜೆ.

ಮೇಡಂ ಮೊದಲು ಕೇಳಿದ್ದು, ‘ಆ ಕೆಟ್ಟ ಯೋಚನೆ ನಿಮಗೊಬ್ಬರಿಗೇ ಬರೋದು ಅಂದ್ಕೊಂಡಿದ್ದೀರಾ?’ 1978ರಲ್ಲಿ ರಾಕ್‌ಮನ್, ಡಿ ಸಿಲ್ವಾ ಅನ್ನುವ ಇಬ್ಬರು, ಯಾವ ಕಾಯಿಲೆಯೂ ಇಲ್ಲದ ಜನರನ್ನು ಕೇಳಿ ನೋಡಿದರಂತೆ. ಅವರಲ್ಲೂ ಹೆಚ್ಚಿನವರಿಗೆ ಇಂಥದ್ದೇ ಅಸಹ್ಯ ಯೋಚನೆಗಳು ಬರುತ್ತಿದ್ದವು. ಅವರು ಅದನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ, ನಾನು ಅದಕ್ಕೆ ಕುರ್ಚಿ ಹಾಕಿ ಕೂರಿಸಿದ್ದೆ. ಅಯ್ಯನವರೂ ಇದಕ್ಕೆ ತಮ್ಮ ಕಡೆಯಿಂದ ಸೇರಿಸಿದರು. ಇಂಗ್ಲೆಂಡಿನ ಜಾನ್ ಬನ್ಯನ್, ಪಾತ್ರೆ ರಿಪೇರಿ ಮಾಡಿಕೊಂಡಿದ್ದವನು, ಕ್ರಿಸ್ತನನ್ನು ಮಾರಿಬಿಡು ಅನ್ನುವ ಮಾತು ಹಗಲೂ ರಾತ್ರಿ ತಲೆಯಲ್ಲಿ ಹೊಡೆದುಕೊಳ್ಳುತ್ತಿತ್ತು ಅಂತ 1666ರಲ್ಲಿ ತಾನೇ ಬರೆದಿದ್ದಾನೆ. ಅವನಿಗೂ ಏಸಾವನ ಕಾಟವೇ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ತನ್ನ ಗುರು ಸ್ಟೌಪಿಟ್ಸ್‌ರನ್ನು ಸುಸ್ತು ಮಾಡಿದ್ದನಂತೆ. ‘ಸ್ಟೌಪಿಟ್ಸ್ ಕಷ್ಟ ನನಗೆ ಈಗ ಗೊತ್ತಾಯ್ತು’ ಅಂದರು ಅಯ್ಯನವರು.

ವಿರಾಜಪೇಟೆಯಲ್ಲಿ ನನಗೊಬ್ಬ ಕಥೋಲಿಕ ಗೆಳೆಯ. ಸಂತ ಅನ್ನಮ್ಮ ದೇವಾಲಯದ ಸಭೆಯವನು. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು 1792ರಲ್ಲಿ ಶುರುವಾದ ದೇವಾಲಯ ಅದು. ಅವನು ಹೇಳಿದ, ‘ನಮ್ಮಲ್ಲಿ ಇದು ಹಳೇ ವಿಷಯ ಮಾರಾಯ. ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲರಿಗೇ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಬಂದಿತ್ತು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳೋದು.’ ಅಂಥವರಿಗೆ ಅವರಲ್ಲಿ ಹಳೆಯ ಬುದ್ಧಿವಾದ ಒಂದೇ. ಒಬ್ಬ ಗುರುವಿನ ಮಾತು ಕೇಳು, ಹಳೇ ಪಾಪ ಮತ್ತೆ ಕೆದಕಬೇಡ. ಮೇಡಂಗೆ ಇದನ್ನು ಹೇಳಿದಾಗ, ‘ನಾವೂ ಹೆಚ್ಚುಕಮ್ಮಿ ಅದನ್ನೇ ಮಾಡ್ತಿದ್ದೀವಿ’ ಅಂದರು.

ಅವರು ಮಾಡಿಸಿದ್ದು ಇಷ್ಟು. ಯೋಚನೆ ಬಂದಾಗ ತಡೆಯಬಾರದು, ಪ್ರತಿಯಾಗಿ ಕ್ಷಮೆಯ ಮಾತು ಹೇಳಬಾರದು, ಯಾರನ್ನೂ ಕೇಳಬಾರದು, ಮೊಬೈಲಿನಲ್ಲಿ ಹುಡುಕಬಾರದು. ಸುಲಭದ್ದರಿಂದ ಕಷ್ಟದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಮತ್ತಾಯ 12 ಒಮ್ಮೆ ಜೋರಾಗಿ ಓದಿ ಪುಸ್ತಕ ಮುಚ್ಚಿ ಕೆಲಸಕ್ಕೆ ಹೋಗುವುದು. ಆಮೇಲೆ ಒಂದು ಚೀಟಿ. ‘ನಾನು ಆ ಪಾಪ ಮಾಡಿರಬಹುದು, ಮಾಡದೆಯೂ ಇರಬಹುದು. ನನಗೆ ಖಚಿತವಾಗಿ ಗೊತ್ತಿಲ್ಲ’ ಅಂತ ನನ್ನ ಕೈಯಲ್ಲೇ ಬರೆಸಿದರು. ಚೆಕ್‌ರೋಲ್ ಪುಸ್ತಕದ ಒಳಗೆ ಅಂಟಿಸಿಕೊಂಡೆ, ಹಾಜರಿಗೆ ಮುಂಚೆ ಓದಬೇಕು. ಮೊದಲ ವಾರ ಓದಿದಾಗ ಪೆನ್ಸಿಲ್ ಹಿಡಿದ ಬೆರಳು ನಿಲ್ಲುತ್ತಿರಲಿಲ್ಲ. ಎದೆ ಬಡಿತ ಏರುತ್ತದೆ, ಬೇರೇನೂ ಮಾಡದೆ ಬಿಟ್ಟರೆ ತಾನಾಗಿ ಇಳಿಯುತ್ತದೆ. ಅದು ಇಳಿಯುತ್ತದೆ ಅಂತ ನನಗೆ ಅದುವರೆಗೂ ಗೊತ್ತೇ ಇರಲಿಲ್ಲ, ಯಾಕೆಂದರೆ ಇಳಿಯಲು ನಾನು ಬಿಟ್ಟೇ ಇರಲಿಲ್ಲ.

ಮೇಡಂ ಹಿಂದೂ. ದೇವರನ್ನು ಬೈಯಿರಿ ಅಂತೆಲ್ಲ ಹೇಳಿಸುತ್ತಾರೇನೋ ಅನ್ನುವ ಅನುಮಾನ ಇತ್ತು. ಹಾಗೇನಿಲ್ಲ. ನನ್ನ ಒಪ್ಪಿಗೆ ತೆಗೆದುಕೊಂಡು ಅಯ್ಯನವರಿಗೆ ಫೋನ್ ಮಾಡಿ, ನಿಮ್ಮ ಸಭೆಯಲ್ಲಿ ಸಾಮಾನ್ಯ ವಿಶ್ವಾಸಿ ಎಷ್ಟು ಹೊತ್ತು ಪ್ರಾರ್ಥನೆ ಮಾಡುತ್ತಾನೆ, ಎಷ್ಟು ಸಲ ಕ್ಷಮೆ ಕೇಳುತ್ತಾನೆ ಅಂತ ವಿಚಾರಿಸಿದರು. ನನ್ನ ಗುರಿ ಅಷ್ಟೇ: ಎಲ್ಲರ ಹಾಗೆ. ಆರಾಧನೆಯಲ್ಲಿ ಪಾಪ ಅರಿಕೆಯ ಪ್ರಾರ್ಥನೆ ಬಂದಾಗ ಒಮ್ಮೆ, ಮನೆಯಲ್ಲಿ ರಾತ್ರಿ ಒಮ್ಮೆ. ಮುಗಿಯಿತು.

ಹೆಂಡತಿಗೂ ಪಾಠ ಇತ್ತು. ‘ನಾನು ಸರಿ ಇದ್ದೀನಿ ಅಲ್ವಾ?’ ಅಂತ ಯಾವ ರೂಪದಲ್ಲಿ ಕೇಳಿದರೂ ಅವಳು ಉತ್ತರ ಕೊಡಬಾರದು. ಅವಳು ಬೇಗ ಕಲಿತಳು, ನನಗಿಂತ ಬೇಗ. ‘ರೀ, ಅದು ಗೀಳಿನ ಪ್ರಶ್ನೆ, ನಾನು ಹೇಳಲ್ಲ. ಅಕ್ಕಿ ತಂದ್ರಾ?’ ನಾನು ಕಳ್ಳದಾರಿ ಹುಡುಕುತ್ತಿದ್ದೆ. ‘ಸುಮ್ನೆ ಕೇಳ್ತೀನಿ, ಪೇತ್ರ ಯೇಸುವನ್ನು ಮೂರು ಸಲ ಅಲ್ಲಗಳೆದನಲ್ಲ, ಅವನಿಗೆ ಕ್ಷಮೆ ಸಿಕ್ಕಿತಲ್ಲ?’ ಅಂದರೆ, ‘ಪೇತ್ರನ್ನೇ ಕೇಳಿ’ ಅನ್ನುತ್ತಿದ್ದಳು.

ಕಷ್ಟದ ಮೆಟ್ಟಿಲು ರಾತ್ರಿ ಭೋಜನ. ಯೋಗ್ಯ ಅನ್ನಿಸುವವರೆಗೆ ಕಾಯದೆ, ಅನ್ನಿಸದೆಯೇ ಹೋಗಿ ತೆಗೆದುಕೊಳ್ಳಬೇಕಿತ್ತು. ಕ್ರಿಸ್ಮಸ್ ಕಳೆದು ರೊಬಸ್ಟಾ ಕೊಯ್ಲು ಜೋರಾಗಿದ್ದ ತಿಂಗಳು ಹೋದೆ. ರೊಟ್ಟಿ ಕೈಗೆ ಬಂದಾಗಲೂ ಆ ಹಾಳು ಮಾತು ತಲೆಯಲ್ಲಿತ್ತು. ಇರಲಿ ಅಂತ ತಿಂದೆ. ದ್ರಾಕ್ಷಾರಸ ಕುಡಿದೆ. ವಾಪಸ್ ಬಂದು ಬೆಂಚಿನಲ್ಲಿ ಕೂತಾಗ ಪಕ್ಕದ ಹುಡುಗ ನನ್ನ ಸಂಗೀತ ಪುಸ್ತಕ ತೆಗೆದುಕೊಂಡಿದ್ದ. ಕೇಳಿ ಇಸಿದುಕೊಂಡೆ. ಸಮಾಧಾನದ ಹೊಳೆ ಹರಿಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ಕಿವುಚುತ್ತಿತ್ತು, ಮಧ್ಯಾಹ್ನ ಹಂದಿ ಸಾರು ಊಟ ಮಾಡುವ ಹೊತ್ತಿಗೆ ನಿಂತಿತು.

ರಕ್ಷಣೆ ಹೋಗುತ್ತದಾ ಇಲ್ಲವಾ ಅನ್ನುವುದಕ್ಕೆ ನನಗೆ ಉತ್ತರ ಸಿಕ್ಕಿತಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಉತ್ತರ ಬೇಕು ಅಂತ ಒದ್ದಾಡುವುದು ಕಡಿಮೆಯಾಯಿತು, ನಿದ್ದೆ ಬಂತು, ಚೆಕ್‌ರೋಲ್ ಲೆಕ್ಕ ಸರಿಬಂತು. ನಂಬಿಕೆ ಅಂದರೆ ಅನುಮಾನದ ಒಂದು ಕಾಳೂ ಇಲ್ಲದಿರುವುದು ಅಂತ ಆ ಕೂಟದಲ್ಲಿ ಹೇಳಿದ್ದರು. ನನಗೆ ಹಾಗನ್ನಿಸುವುದಿಲ್ಲ. ಖಚಿತವಾಗಿ ಗೊತ್ತಿದ್ದರೆ ನಂಬುವ ಕೆಲಸವೇ ಇರುವುದಿಲ್ಲವಲ್ಲ. ಯೋಹಾನನ ಮೊದಲನೇ ಪತ್ರದಲ್ಲೇ, ಮರಣಕರವಾದ ಪಾಪದ ಮಾತಿಗೂ ಮುಂಚೆ, ನಮ್ಮ ಹೃದಯ ನಮ್ಮನ್ನು ದೋಷಿ ಅಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಅಂತ ಇದೆ. ಆ ವಚನ ನನಗೆ ಇಷ್ಟ. ಆದರೆ ಅದನ್ನು ಮಾತ್ರೆಯ ಹಾಗೆ ಹೊತ್ತು ಹೊತ್ತಿಗೆ ನುಂಗುವುದಕ್ಕೆ ಮೇಡಂ ಬಿಡುವುದಿಲ್ಲ.

ಯೋಚನೆ ಈಗಲೂ ಬರುತ್ತದೆ, ಜಾಸ್ತಿ ಸುಸ್ತಾದಾಗ, ಜ್ವರ ಬಂದಾಗ. ಅಯ್ಯನವರು ನಿವೃತ್ತರಾಗಿ ಮಂಗಳೂರಿಗೆ ಹೋದರು. ಹೊಸಬರಿಗೆ ನನ್ನ ವಿಷಯ ನಾನೇ ಹೇಳಿ, ನಾನು ಈ ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೇನೆ. ಮಾತ್ರೆ ನಡೆಯುತ್ತಿದೆ. ಡೋಸ್ ಕಡಿಮೆ ಮಾಡುವ ಬಗ್ಗೆ ಮುಂದಿನ ಸಲ ನೋಡೋಣ ಅಂದಿದ್ದಾರೆ ಡಾಕ್ಟರ್. ಅದು ಜನವರಿಯಲ್ಲಿ. ಕೊಯ್ಲಿನ ಮಧ್ಯೆ ಮ್ಯಾನೇಜರ್ ರಜೆ ಕೊಡುವುದಿಲ್ಲ, ಈಗಲೇ ಹೇಳಿಡಬೇಕು.